ಹಪ್ಪಳದ ಮುಯ್ಯಿ

ಕಳೆದ ಯುಗಾದಿಗೆ ನೀವೆಲ್ಲ ಬಂದಿದ್ದಾಗ ನಿಮ್ಮಲ್ಲಿ ಕಿರಿಯವಳು ನನ್ನ ಎಲೆ ನೋಡಿ ಕೇಳಿದಳು, "ಅಜ್ಜೀ, ಹಪ್ಪಳ ಮಾರಿ ಅಪ್ಪನ್ನ ಓದಿಸ್ದೆ ಅಂತಾರೆ. ನಿನ್ನ ಎಲೇಲಿ ಮಾತ್ರ ಹಪ್ಪಳಾನೇ ಇರಲ್ವಲ್ಲ?" ಹಲ್ಲಿಲ್ಲ ಕಣೇ ಅಂದೆ. ಎಲ್ಲರೂ ನಕ್ಕಿರಿ. ಹಲ್ಲು ಗಟ್ಟಿಯಿದ್ದ ಕಾಲದಲ್ಲೂ ನಾನು ತಿನ್ನುತ್ತಿರಲಿಲ್ಲ ಎಂಬುದು ನಿಮ್ಮ ಅಪ್ಪನಿಗೆ ಗೊತ್ತು. ಕಾರಣ ಮಾತ್ರ ಅವನಿಗೂ ಗೊತ್ತಿಲ್ಲ.

ನಾಲ್ಕು ಜನ ಕೂತಿರುವ ಕಡೆ ನನಗೆ ಮಾತು ಹೊರಡುವುದಿಲ್ಲ. ಸಣ್ಣವಳಿದ್ದಾಗಲೂ ಹಾಗೇ. ಊರಿನ ಶಾಲೆಯಲ್ಲಿ ಮೇಷ್ಟರು ಮಗ್ಗಿ ಹೇಳು ಅಂದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಸ್ಲೇಟಿನ ಮೇಲೆ ಬರೆ ಅಂದರೆ ತಪ್ಪಿಲ್ಲದೆ ಬರೆಯುತ್ತಿದ್ದೆ. ಅಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವಾಗ ನಾನು ಎದುರಿಗಿರುವುದು ಬೇಡ.

ಮದುವೆಯಾಗಿ ನಾನು ರಾಜಾಜಿನಗರಕ್ಕೆ ಬಂದಾಗ ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು. ಹೆಸರಿನಲ್ಲಿ ನಗರವಿದ್ದರೂ ಬೀದಿ ಬೀದಿಯ ನಡುವೆ ಇನ್ನೂ ರಾಗಿ ಹೊಲದ ಕೂಳೆ ಉಳಿದಿತ್ತು. ಕಾರ್ಖಾನೆಗೆ ಹೋಗುವವರಿಗೆಂದು ಸಾಲಾಗಿ ಕಟ್ಟಿದ ಸಣ್ಣ ಮನೆಗಳು. ಎರಡೆರಡು ಮನೆಗೆ ನಡುವೆ ಒಂದೇ ಗೋಡೆ, ಹಿಂದೆ ಒಂದೇ ಹಿತ್ತಿಲು. ಮರ ಎಂಬುದು ಒಂದೂ ಇರಲಿಲ್ಲ. ಬೇಸಿಗೆಯಲ್ಲಿ ಕೆಂಪು ದೂಳು, ಮಳೆ ಬಂದರೆ ಮೊಣಕಾಲುದ್ದದ ಕೆಸರು. ನಿಮ್ಮ ತಾತ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಕೆಲಸಕ್ಕೆ ಹೋದದ್ದೂ ಉಂಟು.

ನಮ್ಮ ಗೋಡೆಯಾಚೆ ಇದ್ದವಳು ನನ್ನದೇ ವಯಸ್ಸಿನವಳು. ಅವಳ ಗಂಡನೂ ನಿಮ್ಮ ತಾತನ ಕಾರ್ಖಾನೆಯಲ್ಲೇ ಇದ್ದ. ಎಂಟು ವರ್ಷದವಳಿದ್ದಾಗಲೇ ತಾಯಿ ಸತ್ತು ಚಿಕ್ಕಮ್ಮನ ಕೈಯಲ್ಲಿ ಬೆಳೆದವಳು. ಮಾತಿನಲ್ಲಿ ನನಗೆ ತದ್ವಿರುದ್ಧ. ನಾನು ಬಂದ ಮೂರನೆಯ ದಿನ ಹಿತ್ತಿಲಲ್ಲಿ ನಿಂತು, "ಏನೇ, ನಿನಗೆ ಬಾಯಿ ಇದ್ಯೋ ಇಲ್ವೋ? ಇದ್ರೆ ಒಂಚೂರು ಹೆಪ್ಪು ಕೊಡು, ಇಲ್ದಿದ್ರೆ ತಲೆಯಾದ್ರೂ ಆಡ್ಸು" ಎಂದು ಬಟ್ಟಲು ಚಾಚಿದಳು. ನಾನು ತಲೆಯಾಡಿಸಿ ಮೊಸರು ತಂದುಕೊಟ್ಟೆ. ಅಂದಿನಿಂದ ಹಾಲಿಗೆ ಹಾಕುವ ಹೆಪ್ಪು ಒಂದು ದಿನ ಅಲ್ಲಿಂದ ಇಲ್ಲಿಗೆ, ಒಂದು ದಿನ ಇಲ್ಲಿಂದ ಅಲ್ಲಿಗೆ ಓಡಾಡುತ್ತಲೇ ಇತ್ತು. ಯಾರ ಮನೆಯ ಮೊಸರು ಯಾರದೆಂದು ಹೇಳುವ ಹಾಗಿರಲಿಲ್ಲ.

ಹಪ್ಪಳ ಶುರುವಾದದ್ದು ಮನೆಯ ಉಪಯೋಗಕ್ಕೆ. ನಿಮ್ಮ ಅಪ್ಪನಿಗೆ ಎರಡು ತುಂಬಿದ ಬೇಸಿಗೆಯಲ್ಲಿ, ನಮ್ಮವ್ವ ಕಲಿಸಿದ ಅಳತೆಯಲ್ಲಿ ಉದ್ದಿನ ಹಪ್ಪಳ ಮಾಡಿದೆ. ನಿಮ್ಮ ತಾತ ನಾಲ್ಕನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಮಾಗಡಿ ರಸ್ತೆಯ ದಿನಸಿ ಅಂಗಡಿಯವರಿಗೆ ಕೊಟ್ಟರು. ಮರುದಿನ ಅಂಗಡಿಯವರು ಇನ್ನಷ್ಟು ಬೇಕು ಎಂದರಂತೆ. ನಿಮ್ಮ ತಾತ "ಆಗತ್ತೆ" ಎಂದು ಬಂದರು.

ಆ "ಆಗತ್ತೆ" ಯಾವತ್ತೂ ನನ್ನ ಮಾತಾಗಿರಲಿಲ್ಲ. ಅಂಗಡಿಯವರ ಮುಂದೆ ನಿಂತು ಮಾತಾಡುವ ಧೈರ್ಯ ನನಗಿಲ್ಲದ್ದರಿಂದ ಎಲ್ಲವನ್ನೂ ಅವರೇ ಆಡಿ ಬರುತ್ತಿದ್ದರು. ಹೆಂಡತಿಯ ಕೈರುಚಿಯ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಇನ್ನೊಂದು ಅಂಗಡಿ, ಆಮೇಲೆ ಮದುವೆಗಳಿಗೆ ಅಡುಗೆ ಹಿಡಿಯುವ ಒಬ್ಬರು, ಆಮೇಲೆ ಕಾರ್ಖಾನೆಯ ಊಟದ ಮನೆ, ಹೀಗೆ ಎಲ್ಲ ಕಡೆ ಒಪ್ಪಿಕೊಂಡು ಬಂದು, ಸೈಕಲ್ ನಿಲ್ಲಿಸುತ್ತಲೇ ಹೇಳುತ್ತಿದ್ದರು. ನನ್ನಿಂದ ಆಗುವುದಿಲ್ಲ ಎಂದು ಅವರ ಮುಖ ನೋಡಿ ಹೇಳಲು ನನಗೆ ಬಾಯಿ ಬರಲಿಲ್ಲ.

ಹಪ್ಪಳದ ಕೆಲಸ ನಿಮಗೆ ಗೊತ್ತಿಲ್ಲ, ಸ್ವಲ್ಪ ಹೇಳುತ್ತೇನೆ. ಹಿಟ್ಟನ್ನು ಇಂಗು, ಮೆಣಸು, ಉಪ್ಪು, ಹಪ್ಪಳ ಅರಳಲೆಂದು ಹಪ್ಪಳಖಾರ ಹಾಕಿ ಕಲಸಿ, ಎಣ್ಣೆ ಸವರಿ ಒರಳಲ್ಲಿ ಒನಕೆಯಿಂದ ಕುಟ್ಟಬೇಕು. ತೋಳು ಸೋತು ಬಿದ್ದುಹೋಗುವವರೆಗೆ ಕುಟ್ಟಿದರೆ ಹಿಟ್ಟು ರೇಷ್ಮೆಯ ಹಾಗಾಗುತ್ತದೆ. ಒಮ್ಮೆ ಕುಟ್ಟಿದ ಹಿಟ್ಟು ಕಾಯುವುದಿಲ್ಲ. ಆ ದಿನವೇ ಲಟ್ಟಿಸಿ ಮುಗಿಸಬೇಕು. ಆದ್ದರಿಂದ ದಿನಕ್ಕೆ ಎಷ್ಟು ಹಪ್ಪಳ ಎಂಬುದನ್ನು ಎಷ್ಟು ಕೈ ಇವೆ ಎಂಬುದೇ ಗೊತ್ತುಮಾಡುತ್ತದೆ. ನನಗೆ ಇದ್ದದ್ದು ಎರಡು ಕೈ.

ನಮ್ಮೂರಲ್ಲಿ ಇಂಥದ್ದಕ್ಕೆ ಮುಯ್ಯಿ ಎಂಬುದಿತ್ತು. ನನ್ನ ಹೊಲದ ಕಳೆ ಕೀಳಲು ನೀನು ಒಂದು ದಿನ ಬಾ, ನಿನ್ನ ಹೊಲಕ್ಕೆ ನಾನು ಒಂದು ದಿನ ಬರುತ್ತೇನೆ. ಅದಕ್ಕೆ ಕೂಲಿಯಿಲ್ಲ, ಬರೆದಿಡುವುದೂ ಇಲ್ಲ. ಯಾರು ಯಾರಿಗೆ ಎಷ್ಟು ದಿನ ಹೋಗಬೇಕೆಂಬುದು ಹೆಂಗಸರ ಮನಸ್ಸಿನಲ್ಲಿ ಇರುತ್ತಿತ್ತು. ತನಗೆ ಬರಲಾಗದಿದ್ದರೆ ತಂಗಿಯನ್ನೋ ಓರಗಿತ್ತಿಯನ್ನೋ ಕಳಿಸಬಹುದು. ಕೂಲಿಯವರನ್ನು ಮಾತ್ರ ತನ್ನ ಬದಲು ಕಳಿಸುವಂತಿಲ್ಲ. ಹಾಗೆ ಮಾಡಿದರೆ ನಿನ್ನ ಮನೆಯ ಹಂಗು ನನಗೆ ಬೇಡ ಎಂದು ಹೇಳಿದ ಹಾಗೆ.

ರಾಜಾಜಿನಗರದ ನಮ್ಮ ಸಾಲಿನಲ್ಲಿದ್ದವರೆಲ್ಲ ಹಳ್ಳಿಯ ಕಡೆಯವರೇ. ಮೊದಲು ಗೋಡೆಯಾಚೆಯ ಗೆಳತಿ ಲಟ್ಟಣಿಗೆ ಹಿಡಿದು ಬಂದಳು. ನಾನು ಕರೆದಿರಲಿಲ್ಲ. "ಒಬ್ಳೇ ಕುಟ್ಟಿ ಕುಟ್ಟಿ ಗೋಡೆ ಬೀಳಿಸ್ತೀಯ. ಸರ್ಕೋ" ಎಂದು ಕೂತಳು. ಅವಳೇ ಉಳಿದವರನ್ನೂ ಕರೆತಂದಳು. ಐದಾರು ಜನ ಸುತ್ತ ಕೂತು ಲಟ್ಟಿಸುವುದು, ನಡುನಡುವೆ ಎಣ್ಣೆ ಹಚ್ಚಿದ ಹಸಿ ಹಿಟ್ಟಿನುಂಡೆಯನ್ನು ಬಾಯಿಗೆ ಹಾಕಿಕೊಳ್ಳುವುದು, ಊರಿನ ಸುದ್ದಿ. ಕೊನೆಯ ಮನೆಯ ಒಬ್ಬ ಹಿರಿಯಾಕೆ ಇದ್ದರು, ನಾಲಿಗೆ ಬಹಳ ಚುರುಕು. ಒಂದು ದಿನ ಉಂಡೆ ಚಪ್ಪರಿಸುತ್ತಾ, "ಹಪ್ಪಳ ಅಂಗಡಿಗೆ, ಉಂಡೆ ನಮ್ಗೆ, ದುಡ್ಡು ನಿನ್ಗೆ. ಚೆನ್ನಾಗಿದೆ ಕಣಮ್ಮ ನಿಮ್ಮೂರಿನ ಮುಯ್ಯಿ" ಎಂದರು.

ಎಲ್ಲರೂ ನಕ್ಕರು. ಗೆಳತಿ, "ನಿಮಗೆ ಹಲ್ಲೇ ಇಲ್ವಲ್ಲ ಅಜ್ಜಿ, ಹಪ್ಪಳ ಕೊಟ್ರೆ ಏನ್ಮಾಡ್ತೀರಿ, ಉಂಡೇನೇ ಲಾಭ" ಎಂದು ಮಾತು ತಿರುಗಿಸಿದಳು. ಆದರೆ ಆ ಹಿರಿಯಾಕೆ ಹೇಳಿದ್ದು ನಿಜವಾಗಿತ್ತು. ಹೊಲದ ಕಳೆ ಎಲ್ಲರ ಹೊಲದಲ್ಲೂ ಬೆಳೆಯುತ್ತದೆ. ಹಪ್ಪಳದ ವ್ಯಾಪಾರ ಇದ್ದದ್ದು ನನ್ನೊಬ್ಬಳಿಗೆ. ನಾನು ಅದನ್ನು ಯೋಚಿಸಲೇ ಇಲ್ಲ. ನನಗೆ ತಿಳಿದಿದ್ದ ವ್ಯವಸ್ಥೆ ಅದೊಂದೇ. ಹಳ್ಳಿಯಿಂದ ಒರಳು ತಂದ ಹಾಗೆ ಅದನ್ನೂ ತಂದಿದ್ದೆ.

ತಂದ ಮೇಲೆ ತೀರಿಸಬೇಕಲ್ಲ. ಒಬ್ಬರ ಮನೆಗೆ ಸಂಡಿಗೆ ಇಡಲು, ಒಬ್ಬರ ಮನೆಗೆ ರಾಗಿ ಹಸನು ಮಾಡಲು, ಇನ್ನೊಬ್ಬರ ಮನೆಗೆ ಹಬ್ಬಕ್ಕೆ ಮುಂಚೆ ಸುಣ್ಣ ಬಳಿಯಲು, ಕಂಬಳಿ ಒಗೆಯಲು ಹೋಗುತ್ತಿದ್ದೆ. ಬೆಳಗಿನ ಹೊತ್ತು ಅವರ ಮನೆಗಳಲ್ಲಿ ದುಡಿದು, ಮಧ್ಯಾಹ್ನ ಬಂದು ನನ್ನ ಹಿಟ್ಟು ಕುಟ್ಟುತ್ತಿದ್ದೆ. ಆರ್ಡರು ಜಾಸ್ತಿಯಾದಷ್ಟೂ ಹೆಚ್ಚು ಕೈ ಬೇಕು. ಹೆಚ್ಚು ಕೈ ಬಂದಷ್ಟೂ ನಾನು ಹೋಗಬೇಕಾದ ದಿನಗಳು ಹೆಚ್ಚು. ನಿಮ್ಮ ಅಪ್ಪ ಆಗ ಮೂರು ವರ್ಷದವನು. ಒರಳಿನ ಪಕ್ಕದಲ್ಲಿ ಗೋಣಿಯ ಮೇಲೆ ಕೂತು ಆಡಿಕೊಂಡು ಅಲ್ಲೇ ನಿದ್ದೆ ಹೋಗುತ್ತಿದ್ದ. ಅವನ ಕೂದಲಿನಿಂದ ಸದಾ ಇಂಗಿನ ವಾಸನೆ.

ಗೆಳತಿಗೆ ಮಾತ್ರ ನಾನು ಒಂದು ದಿನವೂ ತೀರಿಸಿರಲಿಲ್ಲ. ಉಳಿದವರು ಬಂದು ಬಂದು ಕೇಳುತ್ತಿದ್ದರು, ಅವಳು ಕೇಳುತ್ತಿರಲಿಲ್ಲ. ಕೇಳದವಳ ಸರದಿ ಹಿಂದಕ್ಕೆ ಹೋಗುತ್ತಲೇ ಇತ್ತು. ಅವಳು ಬಸುರಿಯಾದಳು. ಅದಕ್ಕೂ ಮುಂಚೆ ಎರಡು ಸಲ ಗರ್ಭ ನಿಂತು ಇಳಿದುಹೋಗಿತ್ತು. ಈ ಸಲ ಐದು ತಿಂಗಳು ದಾಟಿದ ಮೇಲೂ ನನ್ನ ಪಕ್ಕದಲ್ಲಿ ಕಾಲು ಚಾಚಿ ಕೂತು ಲಟ್ಟಿಸುತ್ತಿದ್ದಳು. ಒಂದು ದಿನ ನಾನೇ ಕೇಳಿದೆ, "ನಿಂಗೆ ಎಷ್ಟು ದಿನ ಮುಯ್ಯಿ ಬರಬೇಕೇ ನಾನು? ನನಗೆ ಲೆಕ್ಕಾನೇ ತಪ್ಪೋಯ್ತು."

ಅವಳು ಲಟ್ಟಣಿಗೆ ನಿಲ್ಲಿಸದೆ, "ಬಿಡಿ ಬಿಡಿಯಾಗಿ ಬೇಡ. ನನ್ನ ಬಾಣಂತನಕ್ಕೆ ಬಂದ್ಬಿಡು. ನೀರು ಹಾಕೋಕೆ ನನಗೆ ಅವ್ವ ಇಲ್ಲ. ಚಿಕ್ಕವ್ವ ಬರಲ್ಲ. ನೀನು ಬಂದ್ರೆ ಎಲ್ಲಾ ಒಟ್ಟಿಗೇ ತೀರಿಹೋಗತ್ತೆ" ಎಂದಳು.

"ಬರ್ತೀನಿ" ಎಂದೆ.

"ನಲವತ್ತು ದಿನ ಕಣೇ. ಆಮೇಲೆ ಅಂಗಡಿಯೋರು ಕರೆದ್ರು ಅಂತ ನನ್ನ ಬಚ್ಚಲಲ್ಲಿ ಕೂರಿಸಿ ಓಡಿಬಿಟ್ಟೀಯ."

"ಇಲ್ಲ, ಬರ್ತೀನಿ."

ನಾನು ಬಾಯಿಬಿಟ್ಟು ಮಾತು ಕೊಟ್ಟದ್ದು ಬಹಳ ಕಡಿಮೆ. ಇದು ಕೊಟ್ಟ ಮಾತು.

ಅವಳಿಗೆ ಹೆರಿಗೆಯಾದದ್ದು ಯುಗಾದಿ ಕಳೆದ ಮೇಲೆ, ಮದುವೆಗಳ ಕಾಲದಲ್ಲಿ. ಹೆಣ್ಣು ಮಗು. ಗಟ್ಟಿ ದನಿ, ತಾಯಿಯ ಹಾಗೇ. ಮೊದಲ ನಾಲ್ಕು ದಿನ ನಾನು ಹೋದೆ. ಸಾಮಿಲ್ಲಿನ ಮರದ ಹೊಟ್ಟು ತುಂಬಿದ ಒಲೆಯ ಮೇಲೆ ಹಂಡೆ ಇಟ್ಟು, ನೀರು ಕುದಿಯುವಷ್ಟರಲ್ಲಿ ಅವಳಿಗೆ ಎಣ್ಣೆ ತಿಕ್ಕಿ, ಬೆನ್ನಿಗೆ, ಸೊಂಟಕ್ಕೆ ಚೆಂಬು ಚೆಂಬಾಗಿ ಬಿಸಿ ನೀರು ಹೊಯ್ಯುವುದು. ಆಮೇಲೆ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಧೂಪ ಹಾಕಿ, ಕಂಬಳಿ ಹೊದಿಸಿ ಮಲಗಿಸುವುದು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುವಾಗ ಅವಳು ಮಲಗಿದಲ್ಲಿಂದಲೇ ನೋಡುತ್ತಿದ್ದಳು. ಒಂದು ಸಲ, "ನಮ್ಮವ್ವ ಇದ್ದಿದ್ರೆ ಹಿಂಗೇ ಹಾಕ್ತಿದ್ಲೇನೋ ಅಲ್ವೇ?" ಎಂದಳು. ನಾನು ನೀರು ಹೊಯ್ಯುತ್ತಾ ಹೋದೆ.

ನಾಲ್ಕನೆಯ ದಿನ ಸಂಜೆ ನಿಮ್ಮ ತಾತ ಬಂದರು. ಅಡುಗೆ ಹಿಡಿಯುವವರಿಗೆ ಒಂದೇ ವಾರದಲ್ಲಿ ಮೂರು ಮದುವೆ. ಇವರು ಒಪ್ಪಿಕೊಂಡಿದ್ದರು. ಊಟದ ಮನೆಯದು ಬೇರೆ ಇತ್ತು. ಬೀದಿಯ ಹೆಂಗಸರಲ್ಲಿ ಅರ್ಧ ಜನ ಮದುವೆಗಳಿಗೆಂದು ಊರಿಗೆ ಹೋಗಿದ್ದರು.

"ಬಾಣಂತನ ಇದೆ" ಎಂದೆ. ಅಷ್ಟು ಹೇಳುವುದೇ ನನಗೆ ದೊಡ್ಡದಾಗಿತ್ತು.

"ಗೊತ್ತು ಕಣೇ. ಸಾಮಿಲ್ ಹತ್ರ ಗುಡಿಸಲಲ್ಲಿ ಒಬ್ಬ ಮುದುಕಿ ಇದ್ದಾಳೆ, ನೂರಾರು ಬಾಣಂತೀರಿಗೆ ನೀರು ಹಾಕಿರೋಳು. ನಿನಗಿಂತ ಚೆನ್ನಾಗಿ ಹಾಕ್ತಾಳೆ. ಕೂಲಿ ನಾವೇ ಕೊಟ್ರಾಯ್ತು. ಒಂದೇ ವಾರ ತಾನೇ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವರು ಗಂಡಸರು, ಅವರಿಗೆ ಅದು ಕೆಲಸ. ಯಾರು ಮಾಡಿದರೂ ಒಂದೇ. ಹಾಗಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾರನೆಯ ಬೆಳಿಗ್ಗೆ ಆ ಮುದುಕಿಯನ್ನು ಕರೆದುಕೊಂಡು ಹೋಗಿ ಅವಳ ಬಾಗಿಲಲ್ಲಿ ನಿಂತೆ. ಗೆಳತಿ ಮುದುಕಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಒಂದೇ ವಾರ" ಎಂದೆ.

"ಹೂಂ. ಸರಿ ಬಿಡು" ಎಂದು ಮಗುವಿನ ಕಡೆ ತಿರುಗಿಕೊಂಡಳು. ಅವಳ ಬಾಯಿಂದ ಅಷ್ಟು ಚಿಕ್ಕ ಮಾತು ನಾನು ಕೇಳಿದ್ದು ಅದೇ ಮೊದಲು.

ಮುದುಕಿ ಕೆಟ್ಟವಳಲ್ಲ. ಮೂರು ದಿನ ಚೆನ್ನಾಗಿಯೇ ಬಂದಳು. ಗೋಡೆಯಾಚೆ ಬಚ್ಚಲಿಂದ ನೀರು ಹೊಯ್ಯುವ ಸದ್ದು ನನಗೆ ಕೇಳುತ್ತಿತ್ತು. ನಾಲ್ಕನೆಯ ದಿನ ಅವಳ ಮಗಳಿಗೆ ಏನೋ ಆಗಿ ಊರಿಗೆ ಹೋದಳಂತೆ. ನನಗೆ ತಿಳಿಸಲಿಲ್ಲ. ಆಚೆ ನೀರಿನ ಸದ್ದು ನಿಂತುಹೋದದ್ದೂ ನನಗೆ ತಿಳಿಯಲಿಲ್ಲ. ನಾನು ಕುಟ್ಟುತ್ತಿದ್ದೆ. ಬೆಳಿಗ್ಗೆಯಿಂದ ಒನಕೆಯ ಸದ್ದು ಬಿಟ್ಟರೆ ಕಿವಿಯಲ್ಲಿ ಬೇರೇನೂ ಇರಲಿಲ್ಲ. ನಡುವೆ ಒಮ್ಮೆ ಮಗು ಅತ್ತದ್ದು ಕೇಳಿ, ಓ, ಈಗ ನೀರು ಹಾಕುತ್ತಿದ್ದಾಳೆ ಎಂದುಕೊಂಡದ್ದು ನೆನಪಿದೆ. ಗೆಳತಿಯ ಗಂಡ ಬೆಳಗಿನ ಪಾಳಿಗೆ ಹೋಗುವ ಮೊದಲು ಎರಡು ಬಿಂದಿಗೆ ನೀರು ತಂದಿಟ್ಟು ಹೋಗುತ್ತಿದ್ದ. ಅವಳು ಅದನ್ನೇ ಅಷ್ಟಿಷ್ಟು ಬೆಚ್ಚಗೆ ಮಾಡಿಕೊಂಡು ಮಗುವಿಗೂ ಹಾಕಿ ತಾನೂ ಹೊಯ್ದುಕೊಳ್ಳುತ್ತಿದ್ದಳು. ಎರಡು ದಿನ ಹೀಗೆ ಆಯಿತು. ನಡುವೆ ಇದ್ದದ್ದು ಒಂದು ಗೋಡೆ.

ಮೂರನೆಯ ದಿನ, ಹೆರಿಗೆಯಾಗಿ ಹತ್ತನೆಯದು, ಹಿತ್ತಿಲ ತುಂಬ ಹಪ್ಪಳ ಹರಡಿದ್ದೆ. ಹಗ್ಗದ ಮಂಚಗಳ ಮೇಲೆ, ಪಂಚೆಗಳ ಮೇಲೆ, ಕಾಲಿಡಲು ಜಾಗವಿಲ್ಲದಷ್ಟು. ಸಾಮಾನ್ಯವಾಗಿ ನೆರಳಲ್ಲಿ ಒಣಗಿಸುತ್ತಿದ್ದೆ. ಅವತ್ತು ಅವಸರಕ್ಕೆ ಬಿಸಿಲಿಗೇ ಹಾಕಿದ್ದೆ. ಒಣಗಿದ ಒಂದು ಬುಟ್ಟಿಯನ್ನು ಮಾಗಡಿ ರಸ್ತೆಯ ಅಂಗಡಿಗೆ ಮಧ್ಯಾಹ್ನದೊಳಗೆ ಮುಟ್ಟಿಸಬೇಕಿತ್ತು. ನಿಮ್ಮ ತಾತ ಕಾರ್ಖಾನೆಯಲ್ಲಿದ್ದರು. ಬೇರೆ ದಾರಿ ಕಾಣದೆ ಮೊದಲ ಸಲ ನಾನೇ ಹೊರಟೆ. ತಲೆಯ ಮೇಲೆ ಬುಟ್ಟಿ, ಸೊಂಟದ ಮೇಲೆ ನಿಮ್ಮ ಅಪ್ಪ. ಆಕಾಶ ನೋಡಿದೆ, ಒಂದು ಮೋಡವೂ ಇರಲಿಲ್ಲ.

ಅಂಗಡಿಯ ಮುಂದೆ ಗಂಡಸರು ನಿಂತಿದ್ದರು. ಅವರು ಹೋಗಲಿ ಎಂದು ಎದುರಿನ ಜಗಲಿಯ ಪಕ್ಕ ಬಹಳ ಹೊತ್ತು ನಿಂತೆ. ಮಾತಾಡುವ ಹೆಂಗಸಾಗಿದ್ದರೆ ಬುಟ್ಟಿ ಇಳಿಸಿ ಹತ್ತು ನಿಮಿಷದಲ್ಲಿ ಹಿಂದಿರುಗುತ್ತಿದ್ದಳು. ನಾನು ನಿಂತೇ ಇದ್ದೆ. ನಿಂತಿರುವಾಗಲೇ ಮಾಗಡಿಯ ಕಡೆಯಿಂದ ಗಾಳಿ ಎದ್ದಿತು. ನೆಲದ ದೂಳೆಲ್ಲ ಮೇಲೆದ್ದು ಕಪ್ಪಾಯಿತು. ಬುಟ್ಟಿಯನ್ನು ಅಂಗಡಿಯೊಳಗೆ ಇಟ್ಟು ಏನೂ ಹೇಳದೆ ಓಡಿದೆ. ದಾರಿಯಲ್ಲಿ ದಪ್ಪ ದಪ್ಪ ಹನಿ, ಆಮೇಲೆ ಆಲಿಕಲ್ಲು. ನಿಮ್ಮ ಅಪ್ಪನ ತಲೆಯ ಮೇಲೆ ಸೆರಗು ಹಿಡಿದು ಓಡುತ್ತಿದ್ದ ನನಗೆ ಇದ್ದದ್ದು ಒಂದೇ ಯೋಚನೆ. ಮಗುವಿನದಲ್ಲ, ಬಾಣಂತಿಯದೂ ಅಲ್ಲ. ಹಪ್ಪಳ ಹೋಯಿತು ಎಂಬುದು.

ಬೀದಿಯಲ್ಲಿ ಉಳಿದಿದ್ದ ಹೆಂಗಸರು ತಂತಮ್ಮ ಸೌದೆ, ಬಟ್ಟೆ ಎತ್ತಿಕೊಳ್ಳುತ್ತಿದ್ದರು. ಹಿತ್ತಿಲಿಗೆ ಬಂದರೆ ಮಂಚಗಳು ಬರಿದಾಗಿದ್ದವು. ಪಂಚೆಗಳೂ ಇಲ್ಲ. ಒಂದು ಕ್ಷಣ ಗಾಳಿಗೆ ಹಾರಿಹೋದವೆಂದೇ ತಿಳಿದೆ. ಅವಳ ಹಿಂಬಾಗಿಲು ತೆರೆದಿತ್ತು. ಒಳಗೆ ಹೋದೆ.

ಅವಳ ನಡುಮನೆಯ ತುಂಬ ಹಪ್ಪಳ. ಚಾಪೆಯ ಮೇಲೆ, ಪೆಟ್ಟಿಗೆಯ ಮೇಲೆ, ಅವಳು ಮಲಗುವ ಜಾಗದ ಮೇಲೆಯೂ ಹರಡಿದ್ದವು. ಅಂಚಿನ ನಾಲ್ಕಾರು ಬಿಟ್ಟರೆ ಒಂದೂ ನೆನೆದಿರಲಿಲ್ಲ. ಮೂಲೆಯಲ್ಲಿ ತೊಟ್ಟಿಲು. ಅದರ ಪಕ್ಕ ಗೋಡೆಗೊರಗಿ ಅವಳು ಕೂತಿದ್ದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿಹೋಗಿತ್ತು. ಕೂದಲಿಂದ, ಸೀರೆಯಿಂದ ನೀರು ಇಳಿಯುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು.

"ಆ ಮುದುಕಿ ಎಲ್ಲೇ?" ಎಂದೆ.

"ಅವಳು ಬಂದು ಮೂರು ದಿನ ಆಯ್ತು."

"ಕರೀಬಾರ್ದಾಗಿತ್ತೇನೇ? ಗೋಡೆ ತಟ್ಟಿದ್ರೂ ಬರ್ತಿದ್ನಲ್ಲೇ!"

"ನೀ ಕುಟ್ತಿದ್ದೆ ಕಣೇ" ಎಂದಳು. ಕೋಪವಿರಲಿಲ್ಲ ಆ ದನಿಯಲ್ಲಿ. "ಮೊದ್ಲು ಆ ಕಿಟಕಿ ಹಾಕು. ಎರಚಲು ಹೊಡೀತದೆ, ಹಪ್ಪಳದ ಮೇಲೆ."

ಅವಳಿಗೆ ಸೀರೆ ಬದಲಿಸಿ, ತಲೆ ಒರಸಿ, ನಮ್ಮ ಮನೆಯ ಎರಡು ಕಂಬಳಿ ತಂದು ಹೊದಿಸಿದೆ. ಕೆಂಡ ಮಾಡಿ ಇಟ್ಟೆ. ಕಾಲು ಉಜ್ಜಿದೆ. ಮಾರನೆಯ ದಿನದಿಂದ ಜ್ವರ. ಬಾಣಂತಿ ಸನ್ನಿಯೆಂದು ಹೆಂಗಸರು ಪಿಸುಗುಟ್ಟಿದರು. ಅವಳ ಗಂಡ ಜಟಕಾದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಜೀವ ಉಳಿಯಿತು. ಆದರೆ ಎರಡು ವಾರದ ಜ್ವರದಲ್ಲಿ ಹಾಲು ಬತ್ತಿಹೋಯಿತು. ಮಗು ಹಸುವಿನ ಹಾಲು ಕುಡಿಯದು, ಕುಡಿದರೆ ನಿಲ್ಲದು. ಅವಳ ನಾದಿನಿಗೆ ಆರು ತಿಂಗಳ ಎಳೆಗೂಸಿತ್ತು. ಆಕೆ ಕೆಂಗೇರಿಯಾಚೆಯ ಹಳ್ಳಿಯಿಂದ ಬಂದು, "ಮೂರು ತಿಂಗಳು ನಾನು ಕುಡಿಸ್ತೀನಿ, ಆಮೇಲೆ ಕರ್ಕೊಂಡು ಬಾ" ಎಂದು ಮಗುವನ್ನು ಎತ್ತಿಕೊಂಡಳು.

ಮಗುವನ್ನು ಕರೆದುಕೊಂಡು ಹೋಗುವಾಗ ನಾನು ಬೀದಿಗೆ ಬರಲಿಲ್ಲ. ನಮ್ಮ ಬಾಗಿಲ ಹಿಂದೆ ನಿಂತಿದ್ದೆ. ಬಂಡಿ ಸುಮಾರು ದೂರ ಹೋಗುವವರೆಗೂ ಅದರ ದನಿ ಕೇಳುತ್ತಿತ್ತು. ಗಟ್ಟಿ ದನಿ ಎಂದು ಆಗಲೇ ಹೇಳಿದೆನಲ್ಲ.

ಅವಳು ಎತ್ತಿಟ್ಟ ಹಪ್ಪಳ ಅಷ್ಟೂ ಮದುವೆಗೆ ಹೋದವು. ನಿಮ್ಮ ತಾತ ಬಂದು, ಎಲ್ಲರೂ ಹೊಗಳಿದರು ಎಂದರು. ಅವತ್ತಿನಿಂದ ನನ್ನ ಗಂಟಲಲ್ಲಿ ಹಪ್ಪಳ ಇಳಿಯಲಿಲ್ಲ. ಕಾರಣ ಇಷ್ಟೇ. ನೀವು ಕೇಳಿದ್ದಕ್ಕೆ ಉತ್ತರ ಇಲ್ಲಿಗೆ ಮುಗಿಯಬಹುದಿತ್ತು.

ಅವಳು ಆಸ್ಪತ್ರೆಯಿಂದ ಬಂದ ದಿನ ಅಡುಗೆ ಹಿಡಿಯುವವರು ಸ್ವತಃ ನಮ್ಮ ಮನೆಗೆ ಬಂದಿದ್ದರು, ಮುಂದಿನ ತಿಂಗಳ ಮಾತಿಗೆ. ನಿಮ್ಮ ತಾತ ಬಾಯಿ ತೆರೆಯುವ ಮೊದಲೇ ನಾನು ಒಳಗಿನಿಂದ, "ಆಗಲ್ಲ" ಎಂದೆ. ಇಬ್ಬರೂ ಬಾಗಿಲ ಕಡೆ ನೋಡಿದರು. ಇನ್ನೊಮ್ಮೆ ಹೇಳಿದೆ. ಬಂದವರು ಹೋದ ಮೇಲೆ ನಿಮ್ಮ ತಾತ ನನ್ನ ಕೈಗಳನ್ನು ತಿರುಗಿಸಿ ನೋಡಿ, "ಇಷ್ಟು ಬೊಬ್ಬೆ ಎದ್ದಿದ್ವಾ? ಹೇಳಬಾರ್ದಾಗಿತ್ತಾ?" ಎಂದರು. ಹೇಳಬೇಕಾಗಿತ್ತು. ಆ ಮೂರಕ್ಷರದ ಮಾತನ್ನು ಒಂದು ತಿಂಗಳು ಮುಂಚೆ ಹೇಳಿದ್ದರೆ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ.

ಮಾರನೆಯ ಬೆಳಿಗ್ಗೆ ಎಣ್ಣೆ ಬಟ್ಟಲು ಹಿಡಿದು ಅವಳ ಮನೆಗೆ ಹೋದೆ. ಹಂಡೆಗೆ ಬೆಂಕಿ ಹಾಕಲು ಕೂತೆ. ಅವಳು ಕಂಬ ಹಿಡಿದು ನಿಧಾನಕ್ಕೆ ಬಂದು ನಿಂತಳು. ಬಹಳ ತೆಳ್ಳಗಾಗಿದ್ದಳು.

"ಬೇಡ ಕಣೇ" ಎಂದಳು.

"ನಲವತ್ತು ದಿನ ಅಂದಿದ್ದೆ. ಇನ್ನೂ ಇದೆಯಲ್ಲ."

"ಮಗು ಇಲ್ದೆ ಇನ್ನೆಂಥ ಬಾಣಂತನ. ನೀ ಕಳಿಸಿದ್ಯಲ್ಲ ಕೂಲಿಯವಳ್ನ, ಅಲ್ಲಿಗೇ ಆಯ್ತು. ನಂದು ನಿಂದು ಮುಯ್ಯಿ ತೀರ್ತು."

ನಮ್ಮ ಕಡೆ ಆ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲ. ಒಂದು ದಿನವಾದರೂ ಬಾಕಿ ಇಟ್ಟುಕೊಂಡೇ ಇರುತ್ತಾರೆ, ಇನ್ನೊಂದು ಸಲ ಹೋಗಿಬರಲು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಎಣ್ಣೆ ಬಟ್ಟಲು ಎತ್ತಿಕೊಂಡು ಮನೆಗೆ ಬಂದೆ.

ಅದಾದ ಮೇಲೆ ಅವಳು ನನ್ನಲ್ಲಿ ಏನನ್ನೂ ಕೇಳಲಿಲ್ಲ. ಬೆಂಕಿ ಕೇಳಲಿಲ್ಲ, ಜರಡಿ ಕೇಳಲಿಲ್ಲ, ಹೆಪ್ಪು ಕೇಳಲಿಲ್ಲ. ಎದುರಾದರೆ ಮಾತಾಡುತ್ತಿದ್ದಳು, ಎಲ್ಲರ ಹತ್ತಿರ ಆಡುವ ಹಾಗೆ. ಹೆಪ್ಪಿಗೆ ಮೂರು ಮನೆ ದಾಟಿ ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೂರು ತಿಂಗಳಿಗೆ ಬರಬೇಕಾಗಿದ್ದ ಮಗು ಬರಲಿಲ್ಲ. ಅದು ನಾದಿನಿಗೆ ಹೊಂದಿಕೊಂಡಿತ್ತು. ಬಿಡಿಸಿದರೆ ಊಟ ಬಿಡುತ್ತಿತ್ತಂತೆ. ಎರಡು ವರ್ಷದವಳಿದ್ದಾಗ ಒಂದು ಹಬ್ಬಕ್ಕೆ ಕರೆತಂದಿದ್ದರು. ಹಿತ್ತಿಲಲ್ಲಿ ಗೆಳತಿ ಕೈ ಚಾಚಿ ಕರೆದಳು. ಮಗು ಅತ್ತೆಯ ಸೀರೆಯ ಹಿಂದೆ ಅಡಗಿಕೊಂಡು, "ಅವ್ವಾ, ಮನೆಗ್ ಹೋಗಾಣ" ಎಂದು ಅತ್ತೆಯನ್ನೇ ಜಗ್ಗಿತು. ಅವಳು ಚಾಚಿದ ಕೈಯಲ್ಲಿ ಪಕ್ಕದಲ್ಲಿದ್ದ ಬಿಂದಿಗೆ ಎತ್ತಿಕೊಂಡಳು. ನಾನು ಹಿತ್ತಿಲ ಈ ಬದಿಯಲ್ಲಿ ಬಟ್ಟೆ ಹಿಂಡುತ್ತಿದ್ದೆ.

ಅದರ ಮುಂದಿನ ವರ್ಷ ನಿಮ್ಮ ತಾತ ಹೋದರು. ಬೆಳಿಗ್ಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವರು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತರು, ಅಷ್ಟೇ. ಅದರ ಬಗ್ಗೆ ಬರೆಯಲು ನನ್ನಿಂದಾಗದು. ಹನ್ನೊಂದು ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ನಿಮ್ಮ ಅಪ್ಪ ಇಬ್ಬರೇ ಉಳಿದೆವು. ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಸುಮ್ಮನೆ ಕೂತಿದ್ದೆ. ಹಿಂಬಾಗಿಲಲ್ಲಿ ನೆರಳು ಬಿತ್ತು. ಅವಳು ನಿಂತಿದ್ದಳು, ಕೈಯಲ್ಲಿ ಬಟ್ಟಲು.

"ಒಂಚೂರು ಹೆಪ್ಪು ಇದ್ಯೇನೇ?" ಎಂದಳು.

ಆ ದಿನಗಳಲ್ಲಿ ಗಂಡ ಸತ್ತವಳ ಮನೆಗೆ ಯಾರೂ ಹಾಗೆ ಬಟ್ಟಲು ಹಿಡಿದು ಬರುತ್ತಿರಲಿಲ್ಲ. ಬೀದಿಯ ಹೆಂಗಸರು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿಯುವಾಗ, ಅವಳು ಮೂರು ವರ್ಷದ ಮೇಲೆ ಬಂದು ಕೇಳಿದ್ದಳು. ನಾನು ಎದ್ದೆ. ನೆಲುವಿನ ಮೇಲಿದ್ದ ಪಾತ್ರೆಗಳನ್ನೆಲ್ಲ ಇಳಿಸಿ ನೋಡಿದೆ. ಹನ್ನೊಂದು ದಿನದಿಂದ ಮನೆಯಲ್ಲಿ ಹಾಲು ಕಾಯಿಸಿರಲಿಲ್ಲ. ಮೊಸರಿನ ಕುಡಿಕೆ ಒಣಗಿ, ತಳದಲ್ಲಿ ಬಿಳಿಯ ಕಲೆ ಮಾತ್ರ ಇತ್ತು. ಬೆರಳಿಂದ ಕೆರೆದೂ ನೋಡಿದೆ.

"ಇಲ್ಲ" ಎಂದೆ.

ಅವಳು ನನ್ನ ಬರಿಯ ಕೈಗಳನ್ನು ನೋಡಿದಳು. "ಇರ್ಲಿ ಬಿಡು" ಎಂದು ಹೋದಳು. ನಾಳೆ ಬಾ ಎಂದು ಕರೆಯಲು ನನಗೆ ದನಿ ಬರಲಿಲ್ಲ.

ಮಾರನೆಯ ದಿನ ಮಗನಿಗೆ ಜ್ವರ ಬಂದು ಹಗಲೆಲ್ಲ ಹೊರಗೆ ಕಾಲಿಡಲಿಲ್ಲ. ಸಂಜೆ ಹಾಲು ತರಿಸಿ, ಕೊನೆಯ ಮನೆಯ ಹಿರಿಯಾಕೆಯ ಹತ್ತಿರ ಹೆಪ್ಪು ಬೇಡಿ ತಂದು ಹಾಕಿಟ್ಟೆ. ಬೆಳಿಗ್ಗೆ ಗಟ್ಟಿ ಮೊಸರು. ಬಟ್ಟಲಲ್ಲಿ ಹಾಕಿಕೊಂಡು ಹೋದರೆ ಅವಳ ಬಾಗಿಲಿಗೆ ಬೀಗ.

"ಬೆಳಗಿನ ಜಾವಾನೇ ಬಂಡಿ ಕಟ್ಟಿದ್ರಲ್ಲ" ಎಂದರು ಹಿರಿಯಾಕೆ. "ಕೆಂಗೇರಿ ಕಡೆ ಮನೆ ಮಾಡವ್ರೆ, ಮಗಳ ಹತ್ರ ಇರ್ಬೇಕು ಅಂತ. ನಿಂಗೆ ಹೇಳ್ಲಿಲ್ವಾ?"

ಮನೆ ಬದಲಿಸುವಾಗ ಹಳೆಯ ಬೀದಿಯಿಂದ ಹೆಪ್ಪು ಒಯ್ಯುವುದು ನಮ್ಮ ಹೆಂಗಸರ ಪದ್ಧತಿ. ಹೊಸ ಒಲೆಯ ಮೇಲೆ ಕಾಯಿಸಿದ ಮೊದಲ ಹಾಲಿಗೆ ಅದನ್ನು ಹಾಕುತ್ತಾರೆ. ಮೂರು ಮನೆ ದಾಟಿ ಹೋಗುತ್ತಿದ್ದವಳು ಅದಕ್ಕಾಗಿ ನನ್ನ ಬಾಗಿಲಿಗೆ ಬಂದಿದ್ದಳು.

ಆಮೇಲೆ ಹೊಟ್ಟೆಪಾಡಿಗೆ ನಾನು ಮತ್ತೆ ಹಪ್ಪಳ ಹಿಡಿದೆ. ಅದೆಲ್ಲ ನಿಮ್ಮ ಅಪ್ಪನಿಗೆ ಗೊತ್ತು. ಲಟ್ಟಿಸಲು ಬಂದವರಿಗೆ ಅವತ್ತಿನ ಕೂಲಿ ಅವತ್ತೇ ಕೊಡುತ್ತಿದ್ದೆ, ಕೈಗೆ ಮೀರಿದ್ದನ್ನು ಆಗಲ್ಲ ಎನ್ನುತ್ತಿದ್ದೆ. ಯಾರನ್ನೂ ಮುಯ್ಯಿಗೆ ಕರೆಯಲಿಲ್ಲ. ಕೆಂಗೇರಿಗೆ ಹೋಗಿ ಹುಡುಕಬಹುದಿತ್ತು. ಎಷ್ಟೋ ಸಲ ಸೀರೆ ಉಟ್ಟು ಬಾಗಿಲವರೆಗೆ ಬಂದಿದ್ದೇನೆ. ಹೋಗಿ ಏನೆಂದು ಕೂಗಲಿ, ಯಾರ ಮನೆಯ ಮುಂದೆ ನಿಲ್ಲಲಿ ಎಂದು ಹಿಂದಿರುಗುತ್ತಿದ್ದೆ. ಹಾಗೆ ವರ್ಷಗಳು ಹೋದವು.

ಈಗ ಇದೇ ಮನೆಯಲ್ಲಿ ಫ್ರಿಜ್ಜಿದೆ, ಅಂಗಡಿಯಲ್ಲಿ ಮೊಸರು ಸಿಗುತ್ತದೆ. ಆದರೂ ನಾನು ಸಣ್ಣ ಕುಡಿಕೆಯೊಂದರಲ್ಲಿ ಎರಡು ಚಮಚ ಮೊಸರನ್ನು ಬೇರೆ ತೆಗೆದಿಟ್ಟು ಯಾರಿಗೂ ಮುಟ್ಟಗೊಡುವುದಿಲ್ಲವೆಂದು ನೀವು ರೇಗಿಸುತ್ತೀರಿ. ಊಟಕ್ಕೆ ಮೊಸರು ಸಾಲದೆ ಹೋದರೂ ಅಜ್ಜಿ ಕುಡಿಕೆ ಕೊಡುವುದಿಲ್ಲ ಎನ್ನುತ್ತೀರಿ. ರೇಗಿಸಿ, ನನಗೆ ಬೇಸರವಿಲ್ಲ. ದಿನವೂ ಅದನ್ನು ಹೊಸದು ಮಾಡಿ ಇಡುತ್ತೇನೆ. ಹಿಂಬಾಗಿಲ ಅಗುಳಿಯನ್ನು ಮಾತ್ರ ಹಗಲು ಹೊತ್ತು ಹಾಕಬೇಡಿ.